ನಮ್ಮನ್ನು ನಡೆಸಿದ ಹೊಲಿಗೆ ಟೀಚರ್

ಹೊಲಿಗೆ ಟೀಚರ್ ತೀರಿಕೊಂಡ ಮೇಲೆ ನಿವೃತ್ತ ಶಿಕ್ಷಕರೆಲ್ಲ ಸೇರಿ ಒಂದು ಶ್ರದ್ಧಾಂಜಲಿ ಸಭೆ ನಡೆಸಿದರು. ಮೊದಲು ಮಾತನಾಡಿದವರು ಅವರನ್ನು ಮೃದುಭಾಷಿ ಎಂದರು. ಎರಡನೆಯವರು, ಟೀಚರ್ ತಾವಾಯಿತು ತಮ್ಮ ಕೆಲಸವಾಯಿತು ಎಂದು ಇದ್ದವರು ಎಂದರು. ಮೂರನೆಯ ಮಹನೀಯರು ಟೀಚರ ಜೊತೆ ಒಂದೇ ವರ್ಷ ಕೆಲಸ ಮಾಡಿದವರು, ಅದರಲ್ಲೂ ಬಹುಪಾಲು ರಜೆಯಲ್ಲಿದ್ದವರು. ಅವರು ‘ಈ ತಾಯಿ ಯಾರ ಮನಸ್ಸನ್ನೂ ನೋಯಿಸಿದವರಲ್ಲ’ ಎಂದು ಕಣ್ಣೊರೆಸಿಕೊಂಡರು. ಟೀಚರ ಜೊತೆ ಇಡೀ ಸರ್ವೀಸಿನ ಹೆಚ್ಚು ಭಾಗವನ್ನು ಒಂದೇ ಸ್ಟಾಫ್ ರೂಮಿನಲ್ಲಿ ಕಳೆದ ನನ್ನನ್ನು ಮಾತನಾಡಲು ಯಾರೂ ಕರೆಯಲಿಲ್ಲ. ಇದನ್ನು ದೂರಾಗಿ ಬರೆಯುತ್ತಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತಿದ್ದೇನೆ.

ಆ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ. ಟೀಚರ್ ಮೃದುವಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ಮೈದಾನದ ಆಚೆ ತುದಿಯ ಹುಣಸೆ ಮರದ ಕೆಳಗೆ ನಿಂತ ಹುಡುಗಿಯನ್ನು ಅವರು ಸ್ಟಾಫ್ ರೂಮಿನ ಕಿಟಕಿಯಿಂದಲೇ ಕರೆಯುತ್ತಿದ್ದರು. ಹುಡುಗಿಯ ಜೊತೆಗೆ ಮರದ ಮೇಲಿನ ಕಾಗೆಗಳೂ ಎದ್ದುಬಿಡುತ್ತಿದ್ದವು. ತಮ್ಮ ಕೆಲಸಕ್ಕಿಂತ ಊರಿನವರ ಕೆಲಸದಲ್ಲೇ ಅವರಿಗೆ ಹೆಚ್ಚು ಆಸಕ್ತಿ. ಇನ್ನು ಮನಸ್ಸು ನೋಯಿಸುವ ವಿಚಾರ. ನನ್ನ ಮನಸ್ಸನ್ನು ಅವರು ಅನೇಕ ಸಲ ನೋಯಿಸಿದ್ದಾರೆ, ಒಂದೊಂದೂ ನನಗೆ ನೆನಪಿದೆ. ಸತ್ತವರನ್ನು ಹೀಗೆ ಉಪ್ಪು ಖಾರವಿಲ್ಲದಂತೆ ಮಾಡಿ ಕಳುಹಿಸುವುದು ಅನ್ಯಾಯವೆನಿಸಿದ್ದರಿಂದ ಇದನ್ನು ಬರೆಯಲು ಕುಳಿತಿದ್ದೇನೆ.

ಮೊದಲನೆಯ ನೋವು, ಅವರು ಕೆ.ಆರ್. ನಗರದ ಪಕ್ಕದ ನಮ್ಮ ಹೈಸ್ಕೂಲಿಗೆ ವರ್ಗವಾಗಿ ಬಂದ ದಿನದ್ದೇ. ಸ್ಟಾಫ್ ರೂಮಿನಲ್ಲಿ ಪೂರ್ವದ ಕಿಟಕಿಯ ಪಕ್ಕ ನನ್ನ ಕುರ್ಚಿ ಇತ್ತು. ಒಂಬತ್ತನೇ ತರಗತಿಗೆ ಬೀಜಗಣಿತ ಮುಗಿಸಿ ಬಂದು ನೋಡಿದರೆ ಕುರ್ಚಿ ಬೀರುವಿನ ಸಂದಿ ಸೇರಿದೆ, ಅದರ ಜಾಗದಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನು ಕೂತಿದೆ.

“ಯಾರು ಇಟ್ಟದ್ದು ಇದನ್ನ?” ಎಂದೆ.

“ನಾನೇ ಕಣ್ರೀ ಮೇಷ್ಟ್ರೇ.”

“ಅದು ನನ್ನ ಜಾಗ.”

“ಲೆಕ್ಕ ಎಲ್ಲಿ ಕೂತು ಮಾಡಿದ್ರೂ ಒಂದೇ ಉತ್ತರ ಬರ್ತದೆ. ಸೂಜಿಗೆ ದಾರ ಪೋಣಿಸೋಕೆ ಬೆಳಕು ಬೇಕು.”

ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಡ್ರಿಲ್ ಮೇಷ್ಟ್ರು. ನಾನು ನಿವೃತ್ತನಾದದ್ದು ಅದೇ ಬೀರುವಿನ ಸಂದಿಯಿಂದ. ಆ ತಿಂಗಳ ಕೊನೆಯಲ್ಲಿ ಇನ್ನೊಂದು ನಡೆಯಿತು. ಕುರ್ಚಿಗೆ ನೇತುಹಾಕಿದ್ದ ನನ್ನ ಕೋಟನ್ನು ಹೇಳದೆ ಕೇಳದೆ ತೆಗೆದುಕೊಂಡು ಹೋಗಿ ಗುಂಡಿಗಳನ್ನೆಲ್ಲ ಬಿಗಿ ಮಾಡಿ ತಂದಿಟ್ಟಿದ್ದರು. ಇದೇನೆಂದು ಕೇಳಿದ್ದಕ್ಕೆ, “ಜೋತಾಡ್ತಿದ್ವು. ದಿನಾ ಎದುರಿಗೆ ಕೂತು ನೋಡೋಕಾಗ್ಲಿಲ್ಲ” ಎಂದರು. ಉಪಕಾರವನ್ನು ಅವಮಾನದ ಹಾಗೆ ಮಾಡುವ ಕಲೆ ಅವರಿಗೆ ಹುಟ್ಟಿನಿಂದ ಬಂದಿತ್ತು.

ಅವರ ತಂದೆ ಕೆ.ಆರ್. ನಗರದ ಪೇಟೆಯಲ್ಲಿ ದರ್ಜಿ. ಆ ಕಾಲದಲ್ಲಿ ಸುತ್ತಲ ಹಳ್ಳಿಗಳ ಗೌಡರ ಮನೆಗಳಿಗೆ ಮದುವೆಯ ರವಿಕೆ ಹೊಲಿದುಕೊಡುತ್ತಿದ್ದ ಸಾಬರ ಅಂಗಡಿ ಅದು. ಟೀಚರ್ ಆ ಅಂಗಡಿಯ ಮೆಷಿನ್ನಿನ ಬುಡದಲ್ಲಿ ಚೂರು ಬಟ್ಟೆಗಳ ರಾಶಿಯ ಮೇಲೆ ಕೂತು ಬೆಳೆದವರು. ಯಾವ ಊರಿನಲ್ಲಿ ಯಾವ ಶಾಸ್ತ್ರಕ್ಕೆ ಯಾವ ಬಣ್ಣ, ಧಾರೆಗೆ ಯಾರು ಯಾರನ್ನು ಕರೆತರಬೇಕು ಎಂಬುದೆಲ್ಲ ಅವರಿಗೆ ಅಲ್ಲೇ ಕಿವಿಗೆ ಬಿದ್ದದ್ದು. ಹೊಲಿಗೆ ಸೊಟ್ಟಗಾದರೆ ತಂದೆ ಬೈಯುತ್ತಿರಲಿಲ್ಲವಂತೆ. ಬ್ಲೇಡು ಕೈಗೆ ಕೊಟ್ಟು ‘ಬಿಚ್ಚು’ ಎನ್ನುತ್ತಿದ್ದರಂತೆ. ಶಾಲೆಯಲ್ಲಿ ಟೀಚರೂ ಹಾಗೆಯೇ. ಅಳುತ್ತ ನಿಂತ ಹುಡುಗಿಗೆ, “ಅರೆ, ಯಾಕಳ್ತೀಯ? ಬಿಚ್ಚಿ ಹೊಲಿ. ಬಟ್ಟೆಗೇನೂ ಕೋಪ ಬರಲ್ಲ” ಎನ್ನುತ್ತಿದ್ದರು.

ನಡಿಗೆ ಶುರುವಾದದ್ದು ನಾವೆಲ್ಲ ನಿವೃತ್ತರಾಗಿ ಮೈಸೂರು ಸೇರಿದ ಮೇಲೆ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ಪಾರ್ಕಿನಲ್ಲಿ ನಡೆಯಿರಿ ಎಂದು ಡಾಕ್ಟರು ಟೀಚರಿಗೆ ಹೇಳಿದ್ದಕ್ಕೆ, “ಒಂದೇ ಕಡೆ ಸುತ್ತೋಕೆ ನಾನೇನು ಗಾಣದೆತ್ತಾ?” ಎಂದು ಕೇಳಿ ಬಂದರು. ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ, ಗದ್ದೆ ಕೊಯ್ಲು ಮುಗಿದು ಬದುಗಳೆಲ್ಲ ಒಣಗಿದ ಮೇಲೆ, ಮುಂಜಾನೆಯ ರೈಲು ಹತ್ತಿ ಕೆ.ಆರ್. ನಗರದಲ್ಲಿ ಇಳಿಯುವುದು, ಅಲ್ಲಿಂದ ಯಾವುದಾದರೂ ಊರಿಗೆ ಇಡೀ ದಿನ ನಡೆಯುವುದು ಎಂಬುದು ಅವರ ಏರ್ಪಾಡು. ಬಸ್ಸೇಕಾಗದು ಎಂದು ಕೇಳಿದ್ದೆ. “ಬಸ್ಸಾದ್ರೆ ಕಾಲು ನೋವು ಅಂತ ನೀವು ವಾಪಸ್ ಹೋಗೋ ಬಸ್ಸಿಗೇ ಕೈ ಅಡ್ಡ ಹಾಕ್ತೀರಿ. ರೈಲು ಹೋದ್ರೆ ಹೋಯ್ತು” ಎಂದರು. ನನ್ನ ಕಾಲಿನ ಬಗ್ಗೆ ಆ ಮಾತನ್ನು ಅವರು ನನ್ನ ಹೆಂಡತಿಯ ಎದುರಿಗೆ ಆಡಬಾರದಿತ್ತು.

ನಾವು ನಾಲ್ವರು: ಟೀಚರ್, ನಾನು, ನನ್ನ ಹೆಂಡತಿ, ಡ್ರಿಲ್ ಮೇಷ್ಟ್ರು. ಮುಂದೆ ಟೀಚರ್. ತಲೆಯ ಮೇಲೆ ಸೆರಗು, ಕಾಲಿಗೆ ಮೊಮ್ಮಗ ಬಿಟ್ಟ ಹಳೆಯ ಕ್ಯಾನ್ವಾಸ್ ಬೂಟು, ಕೈಯಲ್ಲಿ ಮಡಿಚಿದ ಛತ್ರಿ. ಆ ಛತ್ರಿ ಬಿಸಿಲಿಗೆ ಬಿಚ್ಚಿದ್ದನ್ನು ಕಾಣೆ; ಅದು ದಾರಿ ತೋರಿಸಲು, ನಾಯಿ ಓಡಿಸಲು, ಹಿಂದುಳಿದ ನನ್ನತ್ತ ಬೀಸಲು ಇತ್ತು. ನಡೆಯುವಾಗ ಅವರದೊಂದು ಕಟ್ಟುಪಾಡು: ದಾರಿಯಲ್ಲಿ ಯಾರು ಬನ್ನಿ ಎಂದು ಕರೆದರೂ ಅವರ ಮನೆಗೆ ಹೋಗಬೇಕು, ಕೊಟ್ಟದ್ದನ್ನು ಕುಡಿಯಬೇಕು, ಆಮೇಲೆ ಮುಂದಕ್ಕೆ. ಈ ಕಟ್ಟುಪಾಡು ಡ್ರಿಲ್ ಮೇಷ್ಟ್ರಿಗೆ ಬಹಳ ಹಿಡಿಸಿತ್ತು. ನನಗೆ ಹಿಡಿಸಿರಲಿಲ್ಲ. ಆ ಸೀಮೆಯಲ್ಲಿ ಅರ್ಧದಷ್ಟು ಹೆಂಗಸರು ಅವರ ಕೈಯಲ್ಲಿ ಹೊಲಿಗೆ ಕಲಿತವರು, ಉಳಿದರ್ಧ ಆ ಕಲಿತವರ ನಾದಿನಿಯರು. ಹೀಗಾದರೆ ಊರು ಮುಟ್ಟುವುದು ಯಾವಾಗ?

ಮೇಲಾಗಿ, ಯಾರೂ ಕರೆಯದಿದ್ದರೆ ಅವರೇ ಕರೆಸಿಕೊಳ್ಳುತ್ತಿದ್ದರು. ಎದುರಿಗೆ ಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ಬಂದಳು ಎನ್ನಿ.

“ಏಯ್, ನಿಂತ್ಕೋ ಮಗ. ತಿರುಗು.”

ಹೆಂಗಸು ಹೊರೆ ಸಮೇತ ತಿರುಗುವಳು.

“ಯಾರು ಹೊಲಿದದ್ದು ಈ ರವಿಕೆ?”

“ಅಯ್ಯೋ, ಟೀಚರಮ್ಮ! ನಾನೇಯ. ಗುರ್ತು ಸಿಗ್ಲಿಲ್ವಾ?”

“ನಿನ್ನ ಗುರ್ತು ಸಿಗ್ಲಿಲ್ಲ. ಕಂಕುಳು ನೋಡಿ ಗುರ್ತು ಸಿಕ್ತು. ಆಗ್ಲೂ ಹಿಂಗೇ ಬಿಗಿ ಹಿಡಿಸ್ತಿದ್ದೆ.”

“ಬಟ್ಟೆ ಕಮ್ಮಿ ಬಂತು ಟೀಚರಮ್ಮ.”

“ಬಟ್ಟೆ ಕಮ್ಮಿ ಬರಲಿಲ್ಲ, ನೀನು ಜಾಸ್ತಿ ಬಂದೆ.”

ಹೆಂಗಸು ಬಿದ್ದು ಬಿದ್ದು ನಗುವಳು. ನನಗೆ ಯಾರಾದರೂ ಹಾಗೆಂದಿದ್ದರೆ ಜನ್ಮದಲ್ಲಿ ಅವರ ಮುಖ ನೋಡುತ್ತಿರಲಿಲ್ಲ. ಅವಳು ಹೊರೆ ಇಳಿಸಿ, “ಬನ್ನಿ ಟೀಚರಮ್ಮ, ಮಜ್ಜಿಗೆ ಕುಡ್ಕೊಂಡು ಓಗೀರಂತೆ” ಎನ್ನುವಳು. ಅಲ್ಲಿಗೆ ಕಟ್ಟುಪಾಡು ಜಾರಿಗೆ ಬರುತ್ತಿತ್ತು.

ಈಗ ಕಟ್ಟೆಮಳಲವಾಡಿಯ ದಾರಿ ಹಿಡಿದ ವರ್ಷದ ಸಂಗತಿ. ಅದಕ್ಕೆ ಮೊದಲು ನನ್ನ ತಂಗಿಯ ಮನೆಯ ವಿಚಾರವನ್ನು ಹೇಳಬೇಕು, ಇಲ್ಲದಿದ್ದರೆ ಟೀಚರ್ ಮಾಡಿದ ಕೆಲಸ ಏನೆಂದು ತಿಳಿಯುವುದಿಲ್ಲ.

ನನ್ನ ಒಬ್ಬಳೇ ತಂಗಿಯನ್ನು ಕಟ್ಟೆಮಳಲವಾಡಿಗೆ ಕೊಟ್ಟಿದೆ. ಗಂಡ ಹೊಗೆಸೊಪ್ಪು ಬೆಳೆಯುವ ಗೌಡರು, ಅನುಕೂಲಸ್ಥರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಗೆ ಸೋದರಮಾವನಾದ ನಾನು ಹಿಂದಿನ ದಿನವೇ ಹೋಗಿದ್ದೆ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಆ ಹಕ್ಕು ತಂದೆಗೂ ಇಲ್ಲ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಗೌಡರು ನನ್ನ ಹತ್ತಿರ ಬಂದು, “ಬಾವ, ಊಟದ ಮನೇಲಿ ಎಲೆ ಹಾಕಿದ್ದು ಸರಿ ಅದಾ ನೋಡಿ, ನಿಮ್ಮಂಗೆ ನೋಡೋರು ಇನ್ಯಾರೂ ಇಲ್ಲ” ಎಂದರು. ಸರಿ ಎಂದು ಹೋದೆ. ಎಲೆಗಳ ತುದಿ ಅಸ್ತವ್ಯಸ್ತವಾಗಿತ್ತು. ಸರಿಪಡಿಸಿ ಬರುವಷ್ಟರಲ್ಲಿ ಪುರೋಹಿತರು ‘ಸೋದರಮಾವ ಎಲ್ಲಿ’ ಎಂದು ಕೂಗಿದ್ದಾರೆ, ನಾನು ಕಾಣಿಸಿಲ್ಲ, ನನ್ನ ಚಿಕ್ಕಪ್ಪನ ಮಗನನ್ನು ಎಬ್ಬಿಸಿ ಕಳುಹಿಸಿದ್ದಾರೆ. ನಾನು ಬಾಗಿಲಿಗೆ ಬಂದು ನೋಡುತ್ತೇನೆ, ನನ್ನ ಸೊಸೆಯ ಕೈ ಅವನ ಕೈಯಲ್ಲಿದೆ. ಇದೇನು ಗೌಡರೇ ಎಂದರೆ, “ಬುಡಿ ಬಾವ, ಯಾರಾದ್ರೇನು, ಮಾವ ಅಂದ್ರೆ ಮಾವ” ಎಂದರು.

ಯಾರಾದರೇನು! ಆ ಮಾತು ಕೇಳಿ ಊಟ ಮಾಡದೆ ಹೊರಟವನು ಮತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ತಂಗಿ ಬಂದು ಅತ್ತಳು. ಗೌಡರೇ ಬಂದು ಕರೆಯಲಿ ಎಂದೆ. ಗೌಡರು ಬರಲಿಲ್ಲ. ಚಿಕ್ಕವಳ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯನ್ನು ಹಾಲಿನ ವ್ಯಾನಿನವನ ಕೈಯಲ್ಲಿ ಕಳುಹಿಸಿದರು. ತಾಂಬೂಲವಿಲ್ಲ, ಕರೆಯಿಲ್ಲ, ವ್ಯಾನಿನವನು ಇಂಜಿನ್ನು ಕೂಡ ಆರಿಸದೆ ಗೇಟಿನ ಮೇಲಿಂದ ಕೊಟ್ಟು ಹೋದ. ನಾನು ಮದುವೆಗೆ ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟೆ.

ಈ ಚಿಕ್ಕವಳು ಟೀಚರ ಮನೆಗೆ ಬಂದು ಹೊಲಿಗೆ ಕಲಿತು ಊರಲ್ಲಿ ಅಂಗಡಿ ಇಟ್ಟವಳು. ಮದುವೆಯ ರವಿಕೆಯನ್ನು ಗುರುವಿನ ಕೈಯಲ್ಲೇ ಹೊಲಿಸಬೇಕೆಂದು ಬಂದಾಗ ಅವಳು ಟೀಚರ್ ಮುಂದೆ, “ಅಕ್ಕನ ಮದುವೇಲಿ ಆದಂಗೆ ನಂಗೆ ಬೇರೆ ಮಾವ ಬೇಡ. ನಮ್ಮ ಮಾವ ಬರ್ಲಿಲ್ಲ ಅಂದ್ರೆ ನಾನು ಒಬ್ಳೇ ನಡ್ಕೊಂಡು ಹಸೆಮಣೆಗೆ ಬತ್ತೀನಿ, ನೋಡೋರು ನೋಡ್ಲಿ” ಎಂದು ಅತ್ತಳಂತೆ. ಸೋದರಮಾವ ಬದುಕಿದ್ದೂ ಹೆಣ್ಣು ಒಬ್ಬಳೇ ಮಂಟಪಕ್ಕೆ ಬರುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಹುಡುಗಿ ಹಠಮಾರಿ, ನಮ್ಮ ಮನೆತನದ ಕಡೆಯಿಂದ ಬಂದದ್ದು. ಟೀಚರ್ ಆ ಕ್ಷಣವೇ ನನ್ನನ್ನು ಅಲ್ಲಿಗೆ ಮುಟ್ಟಿಸಬೇಕೆಂದು ನಿಶ್ಚಯಿಸಿ, ಗೌಡರಿಗೆ ಫೋನು ಮಾಡಿ ಬೈದು, ನನ್ನ ಹೆಂಡತಿಯನ್ನು ಒಳಗೆ ಹಾಕಿಕೊಂಡರು. ನನಗೆ ಇದೊಂದೂ ಗೊತ್ತಿರಲಿಲ್ಲ.

ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಮಂಜು. ಈ ಸಲ ಮಿರ್ಲೆಯ ಕಡೆಗೋ ಎಂದು ಕೇಳಿದೆ.

“ಮಿರ್ಲೆ ಹೋದ ವರ್ಷ ಆಯ್ತಲ್ಲ. ಈ ಸಲ ಹುಣಸೂರು ದಾರಿ.”

“ಹುಣಸೂರು ದಾರಿಯಲ್ಲಿ ಕಟ್ಟೆಮಳಲವಾಡಿ ಬರ್ತದೆ.”

“ದಾರೀಲಿ ಊರು ಬರದೆ ಸಮುದ್ರ ಬರ್ತದಾ?”

“ನಾನು ಆ ಊರಲ್ಲಿ ನಿಲ್ಲೋದಿಲ್ಲ, ಮೊದಲೇ ಹೇಳಿದ್ದೀನಿ.”

“ನಿಲ್ಲಬೇಡಿ. ನಾನೇನು ನಿಮ್ಮ ಕಾಲು ಹಿಡ್ಕೊಂಡು ಕೂರ್ತೀನಾ?”

ಡ್ರಿಲ್ ಮೇಷ್ಟ್ರು ಮಂಜಿನೊಳಗಿಂದ, “ಕೂರೋ ವಿಚಾರ ಬಂದಿದ್ದಕ್ಕೆ ಕೇಳ್ತೀನಿ, ತಿಂಡಿ ಎಲ್ಲಿ?” ಎಂದರು.

ಪೇಟೆ ದಾಟುವಾಗ ಬಿಸಿಲು ಬಂತು. ಕೊಯ್ದ ಗದ್ದೆಗಳಲ್ಲಿ ಕೂಳೆಯ ನಡುವೆ ಕೊಕ್ಕರೆಗಳು ಇನ್‌ಸ್ಪೆಕ್ಟರುಗಳ ಹಾಗೆ ಅಡ್ಡಾಡುತ್ತಿದ್ದವು. ನಾಲೆಯ ಏರಿಯ ಮೇಲೆ ಸ್ವಲ್ಪ ದೂರ, ಆಮೇಲೆ ರಸ್ತೆ. ರಸ್ತೆಯ ಮೇಲೆ ಹುರುಳಿ ಹಾಸಿದ್ದರು, ವಾಹನ ಹರಿದು ಕಾಳು ಬಿಡಲಿ ಎಂದು. ನಮ್ಮ ಡ್ರಿಲ್ ಮೇಷ್ಟ್ರ ಗಾತ್ರ ನೋಡಿ, ಇವರು ನಡೆದರೂ ಸಾಕು ಎಂದು ಒಬ್ಬ ಮುದುಕಿ ಹೇಳಿದಳು. ಅವರೆಕಾಯಿಯ ಕಾಲ, ಗಾಳಿಗೆಲ್ಲ ಸೊಗಡಿನ ವಾಸನೆ. ಒಂದು ಕಡೆ ಮಜ್ಜಿಗೆ, ಒಂದು ಕಡೆ ಕಾಫಿ, ಮತ್ತೊಂದು ಕಡೆ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ. ಕೂತಲ್ಲೆಲ್ಲ ಟೀಚರ್ ಚೀಲದಿಂದ ಒಂದು ಕೆಂಪು ರವಿಕೆ ತೆಗೆದು ಹುಕ್ಕು ಹೊಲಿಯುತ್ತಿದ್ದರು. ಯಾರದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಗದ್ದೆ ಮುಗಿದು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು ಕಾಣತೊಡಗಿದ ಮೇಲೆ ಟೀಚರ್ ತಮ್ಮ ನಡಿಗೆ ನಿಧಾನ ಮಾಡಿ ನನ್ನ ಪಕ್ಕಕ್ಕೆ ಬಂದರು.

“ಮೇಷ್ಟ್ರೇ, ಅವತ್ತು ಊಟದ ಮನೇಲಿ ಏನಾಯ್ತು, ಇನ್ನೊಂದು ಸಲ ಹೇಳಿ.”

ಹೇಳಿದೆ. ಎಲೆಯ ತುದಿಯಿಂದ ಹಿಡಿದು ಹೇಳಿದೆ. ಅಷ್ಟು ಮಾತಿನ ಹೆಂಗಸು ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, “ನೀವು ಹೇಳೋದು ಪೂರ್ತಿ ಸರಿ. ತಪ್ಪು ಗೌಡ್ರದೇ” ಎಂದರು.

ನಾನು ನಿಂತುಬಿಟ್ಟೆ. ಅಷ್ಟು ವರ್ಷಗಳಲ್ಲಿ ಯಾರೂ ಆ ಮಾತನ್ನು ಹೇಳಿರಲಿಲ್ಲ. ತಂಗಿ ‘ಹೋಗಲಿ ಬಿಡಿ’ ಎಂದಿದ್ದಳು, ನೆಂಟರು ‘ದೊಡ್ಡವರು ನೀವು’ ಎಂದಿದ್ದರು, ಹೆಂಡತಿ ನಿದ್ದೆ ಬಂದವಳಂತೆ ನಟಿಸಿದ್ದಳು.

“ಹೊಲಿಗೆ ತಪ್ಪಿದ್ದು ಹೌದು. ಅದಕ್ಕೆ ಬಟ್ಟೇನೇ ಬಿಸಾಕ್ತೀರಾ?” ಎಂದರು ಟೀಚರ್.

“ಬಟ್ಟೆಗೆ ಮಾನ ಮರ್ಯಾದೆ ಇರೋದಿಲ್ಲ.”

“ಯಾರು ಹೇಳಿದ್ದು? ಇರ್ತದೆ. ಅದಕ್ಕೇ ಎಳೆದು ಹರಿಯಬಾರದು, ಒಂದೊಂದೇ ಎಳೆ ಬಿಚ್ಚಬೇಕು.” ಅಷ್ಟು ಹೇಳಿ ಛತ್ರಿ ಬೀಸುತ್ತ ಮುಂದೆ ಹೋದರು. ತಕ್ಕ ಉತ್ತರ ನನಗೆ ಹೊಳೆದದ್ದು ಮಾರನೆಯ ವಾರ.

ಕಟ್ಟೆಮಳಲವಾಡಿ ಮುಟ್ಟಿದಾಗ ಊಟದ ಹೊತ್ತು ಮೀರುತ್ತಿತ್ತು. ತಂಗಿಯ ಮನೆ ರಸ್ತೆಯ ಬದಿಯಲ್ಲೇ. ತಲೆ ತಗ್ಗಿಸಿ ದಾಟಿಬಿಡಬೇಕೆಂದು ಬಿರುಸಾಗಿ ನಡೆದೆ. ಜಗಲಿಯ ಮೇಲೆ ತಂಗಿ ನಿಂತಿದ್ದಳು.

“ಅಣ್ಣಯ್ಯ, ಬನ್ನಿ ಒಳಕ್ಕೆ.”

ಟೀಚರ್ ನಡುರಸ್ತೆಯಲ್ಲಿ ಛತ್ರಿ ಊರಿ ನಿಂತರು. “ಕರೆದ್ರು. ಕೇಳಿಸ್ತಾ?”

“ಕರೆಯಬೇಕಾದವರು ಕರೆಯಲಿಲ್ಲ” ಎಂದೆ. “ಗೌಡರೆಲ್ಲಿ?”

ತಂಗಿ ಟೀಚರ ಮುಖ ನೋಡಿದಳು. ಟೀಚರ್ ನನ್ನ ಹೆಂಡತಿಯ ಮುಖ ನೋಡಿದರು. ಗೌಡರು ಮನೆಯಲ್ಲಿರಲಿಲ್ಲ. ಇಷ್ಟೆಲ್ಲ ಹೂಡಿದವರು ಅಲ್ಲಿ ಎಡವಿದ್ದರು. ನಾನು ಎದುರಿನ ಮೋರಿಯ ಕಟ್ಟೆಯ ಮೇಲೆ, ಮನೆಗೆ ಬೆನ್ನು ಹಾಕಿ ಕುಳಿತೆ. ಕಾಲು ನೋಯುತ್ತಿದ್ದುದು ಬೇರೆ ವಿಷಯ.

“ನಾನು ಒಳಗೆ ಹೋಯ್ತೀನಿ ಕಣ್ರಪ್ಪ. ನಂಗೆ ಯಾವ ಅವಮಾನಾನೂ ಆಗಿಲ್ಲ” ಎಂದು ಡ್ರಿಲ್ ಮೇಷ್ಟ್ರು ಹೋದರು.

ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಯಾರೋ ಬಂದು ಕೂತ ಹಾಗಾಯಿತು. ನೋಡಿದರೆ ಚಿಕ್ಕ ಸೊಸೆ. ಟೀಚರ ಚೀಲದಲ್ಲಿದ್ದ ಅದೇ ಕೆಂಪು ರವಿಕೆ, ಕೊರಳಿಗೆ ಅಳತೆಯ ಟೇಪು. ಹಾಕಿ ನೋಡುತ್ತಿದ್ದವಳು ಹಾಗೆಯೇ ಎದ್ದು ಬಂದಿದ್ದಳು.

“ಮದುವೆ ಹೆಣ್ಣು ರಸ್ತೆಯಲ್ಲಿ ಕೂರಬಾರದು. ಎದ್ದೇಳು” ಎಂದೆ.

“ಮಾವ ಕೂತ್ಕಂಡವ್ರಲ್ಲ, ನಾನೂ ಕೂತ್ಕತೀನಿ.”

“ಬಿಸಿಲು ಕಣಮ್ಮ.”

“ನಿಮಗೂ ಬಿಸಿಲೇ ಅಲ್ವಾ ಮಾವ?”

ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡತೊಡಗಿದರು. ಆಗ ಟೀಚರ್ ಬಂದು, ಮನೆಯ ಒಳಗೆ ಬರುವುದು ಬೇಡ, ಜಗಲಿಯವರೆಗೆ ಬನ್ನಿ ಸಾಕು, ಜಗಲಿ ದಾರಿಹೋಕರಿಗೆಂದೇ ಕಟ್ಟಿಸಿದ್ದು ಎಂದರು. ಈ ವಾದದಲ್ಲಿ ಹುರುಳಿತ್ತು. ಹೊಸ್ತಿಲು ದಾಟುವುದು ಬೇರೆ, ಜಗಲಿಯ ಮೇಲೆ ಕೂರುವುದು ಬೇರೆ. ಹುಡುಗಿಯನ್ನು ಬಿಸಿಲಿನಿಂದ ಎಬ್ಬಿಸುವ ಸಲುವಾಗಿ ಒಪ್ಪಿದೆ. ಜಗಲಿಗೆ ಬಂದ ಮೇಲೆ ತಂಗಿ ಎಲೆ ತಂದು ಹಾಕಿದಳು. ಹಿತಕಿದಬೇಳೆ ಸಾರು, ಬಿಸಿ ಮುದ್ದೆ. ಅವಳ ಕೈಯ ಸಾರು ತಿಂದು ಎಷ್ಟೋ ವರ್ಷವಾಗಿತ್ತು. ದಾರಿಹೋಕರಿಗೂ ಹಸಿವಾಗುತ್ತದೆ.

ಅರ್ಧ ಮುದ್ದೆ ಮುಗಿದಿತ್ತು. ಬೈಕು ಬಂದು ನಿಂತಿತು. ಗೌಡರು ಇಳಿದರು. ಶರಟೆಲ್ಲ ಧೂಳು, ಮುಖವೆಲ್ಲ ಬೆವರು. ಕೈಯ ಚೀಲದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು.

“ಎಲ್ಲೋಗಿದ್ರಿ ಗೌಡ್ರೇ?” ಟೀಚರ್ ಗದರಿದರು. “ನಾನು ಹೇಳಿದ್ದೇನು?”

“ಸ್ಟೇಷನ್ಗೆ ಓಗಿದ್ದೆ ಟೀಚರಮ್ಮ! ಮನೆ ಮುಂದೆ ನಿಂತು ಕರೆದ್ರೆ ಬಾವ ಒಪ್ಪಾಕಿಲ್ಲ, ಇಳಿದ ಜಾಗದಲ್ಲೇ ಎದುರುಗೊಳ್ಳುವಾ ಅಂದ್ಕಂಡು ಓದೆ. ತಾಂಬೂಲದಲ್ಲಿ ಒಂದು ಕಮ್ಮಿ ಆದ್ರೂ ಬಾವ ಬುಡಾಕಿಲ್ಲ ಅಂತ ಅಂಗ್ಡಿ ಅಂಗ್ಡಿ ತಿರುಗೋಷ್ಟೊತ್ಗೆ ರೈಲು ಓಗಿತ್ತು. ನಡ್ಕಂಡು ಓದ್ರು ಅಂದ್ರು. ನಿಮ್ಮ ಬೆನ್ನಿಂದೇ ಬಂದೆ. ದಾರೀಲಿ ಟೀಚರಮ್ಮನ ಕಂಡ್ರಾ ಅಂತ ಕೇಳೋದೇ ತಪ್ಪಾಗೋಯ್ತು! ಟೀಚರಮ್ಮನ ಕಡೆಯೋರಾ, ಬನ್ನಿ ಅಂತ ಎಳ್ಕಂಡೋಗಿ ಕೂರುಸ್ತಾರೆ. ಮಜ್ಗೆ, ಕಾಪಿ, ಅವರೆಕಾಯಿ... ಒಟ್ಟೇಲಿ ಜಾಗ ಇಲ್ಲ ಕಣ್ರಮ್ಮ.”

ಟೀಚರ್ ನಗಲು ಶುರು ಮಾಡಿದವರು ಜಗಲಿಯ ಕಂಬ ಹಿಡಿದುಕೊಂಡರು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಗೌಡರು ಮಾತ್ರ ನಗಲಿಲ್ಲ. ನನ್ನ ಎದುರಿಗೆ ಬಂದು ನಿಂತು ತಾಂಬೂಲದ ಚೀಲ ಹಿಡಿದು, “ಬಾವ, ಅವತ್ತು ಊಟದ ಮನೆಗೆ ಕಳ್ಸಿದ್ದು ನಾನೇಯ. ಗಡಿಬಿಡೀಲಿ ಕಳ್ಸಿದ್ದೇ ಮರ್ತೋಯ್ತು. ಆಮೇಲೆ ಯಾರಾದ್ರೇನು ಅಂದೆನಲ್ಲ, ಆ ಮಾತು ಆಡಬಾರ್ದಾಗಿತ್ತು. ಮಗಳ ಮದುವೆ ಮಡಗಿದೀನಿ, ಬನ್ನಿ ಬಾವ ಒಳಕ್ಕೆ” ಎಂದರು.

ಅಷ್ಟೂ ವರ್ಷ ನಾನು ಕಾದಿದ್ದ ಮಾತು ಅದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆದರೆ ಆ ಮಾತು ಬಂದ ಹೊತ್ತಿಗೆ ನಾನು ಅವರದೇ ಜಗಲಿಯಲ್ಲಿ, ಅವರದೇ ಮುದ್ದೆಯನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಊಟ ಮಾಡುತ್ತಿರುವವನನ್ನು ಒಳಕ್ಕೆ ಬನ್ನಿ ಎಂದು ಕರೆದರೆ ಅದು ಕರೆದ ಹಾಗೆಯೇ? ನಾಳೆ ಯಾರಾದರೂ, ಮೇಷ್ಟ್ರು ಕರೆಯುವ ಮೊದಲೇ ಉಂಡಿದ್ದರು ಎಂದರೆ ನನ್ನಲ್ಲಿ ಉತ್ತರವೇನು? ನಾನು ಎದ್ದೆ. ಕೈ ತೊಳೆದೆ. ಜಗಲಿ ಇಳಿದು, ಚಪ್ಪಲಿ ಮೆಟ್ಟಿಕೊಂಡು, ರಸ್ತೆಗೆ ಹೋಗಿ ಮನೆಯತ್ತ ಮುಖ ಮಾಡಿ ನಿಂತೆ.

ಎಲ್ಲರೂ ಗಾಬರಿಯಾದರು. ತಂಗಿಯ ಕಣ್ಣಲ್ಲಿ ನೀರು ತುಂಬಿತು. ಏನು ನಡೆಯುತ್ತಿದೆ ಎಂದು ಮೊದಲು ತಿಳಿದವರು ಟೀಚರ್. ಗೌಡರ ಬೆನ್ನಿಗೆ ಛತ್ರಿಯಿಂದ ತಿವಿದು, “ಕರೀರಿ ಗೌಡ್ರೇ, ಈಗ ಕರೀರಿ! ಮುದ್ದೆ ಆರ್ತದೆ” ಎಂದು ಕೂಗಿದರು.

ಗೌಡರು ಮೆಟ್ಟಿಲಿಳಿದು ಬಂದು ನನ್ನ ಎರಡೂ ಕೈಗೆ ತಾಂಬೂಲ ಕೊಟ್ಟರು. ವೀಳ್ಯದೆಲೆ ಬಾಡಿತ್ತು, ಅಷ್ಟು ದೂರ ಬಿಸಿಲಲ್ಲಿ ಬಂದದ್ದಲ್ಲವೆ, ಅದನ್ನು ನಾನು ಎತ್ತಿ ಆಡಲಿಲ್ಲ. “ಬನ್ನಿ ಬಾವ, ಊಟಕ್ಕೆ ಏಳಿ” ಎಂದರು. ಬಲಗಾಲಿಟ್ಟು ಹೊಸ್ತಿಲು ದಾಟಿ ಒಳಗೆ ಹೋದೆ. ಹಿಂದಿನಿಂದ ಡ್ರಿಲ್ ಮೇಷ್ಟ್ರು, “ಗೌಡ್ರೇ, ನನ್ನನ್ನೂ ಇನ್ನೊಂದು ಸಲ ಕರೀರಿ” ಎಂದು ಎಲೆಯ ಮುಂದೆ ಬಂದು ಕೂತರು. ಆ ದಿನ ನಾವು ಹುಣಸೂರು ಮುಟ್ಟಲಿಲ್ಲ. ಟೀಚರ್ ಹಾಕಿಕೊಂಡ ದಾರಿಯನ್ನು ಪೂರ್ತಿ ಮಾಡದೆ ಬಿಟ್ಟದ್ದು ಅದೊಂದೇ ಸಲ, ಮತ್ತು ಅದಕ್ಕೆ ಅವರು ನನ್ನ ಕಾಲನ್ನೇ ಕಾರಣ ಮಾಡಿ ಎಲ್ಲರಿಗೂ ಹೇಳಿಕೊಂಡು ಬಂದರು.

ಮದುವೆ ಹುಣಸೂರಿನ ಛತ್ರದಲ್ಲಿ ನಡೆಯಿತು. ನಾನು ಬೆಳಿಗ್ಗೆಯೇ ಮಿಂದು ಹೆಣ್ಣಿನ ಕೋಣೆಯ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತೆ. ಊಟದ ಮನೆಯಲ್ಲಿ ಎಲೆ ಹೇಗೆ ಬೇಕಾದರೂ ಹಾಕಿಕೊಳ್ಳಲಿ ಎಂದು ಆ ಕಡೆ ತಿರುಗಿಯೂ ನೋಡಲಿಲ್ಲ. ವಾಲಗದ ನಡುವೆ ಪುರೋಹಿತರು ಎದ್ದು ನಿಂತು, “ಹೆಣ್ಣಿನ ಸೋದರಮಾವ ಯಾರಪ್ಪ, ಎಲ್ಲಿದ್ದಾರೆ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಗುಂಪಿನ ಹಿಂದಿನಿಂದ, ವಾಲಗ ಊದುವವರು ಬೆಚ್ಚಿ ಒಂದು ಕ್ಷಣ ನಿಲ್ಲಿಸುವ ಹಾಗೆ, ಆ ಗಂಟಲು ಬಂತು:

“ಇಲ್ಲೇ ಅವ್ರೆ ಸ್ವಾಮಿ, ಇಲ್ಲೇ! ಬೇರೆ ಯಾರೂ ಏಳಬೇಡಿ!”

ಛತ್ರಕ್ಕೆ ಛತ್ರವೇ ತಿರುಗಿ ನನ್ನನ್ನು ನೋಡಿತು. ನನ್ನ ಪರವಾಗಿ ಇನ್ನೊಬ್ಬರು ಉತ್ತರ ಕೊಡುವುದನ್ನು ನಾನು ಜೀವಮಾನದಲ್ಲಿ ಸಹಿಸಿದವನಲ್ಲ. ಎದ್ದು ಒಳಗೆ ಹೋಗಿ ಹುಡುಗಿಯ ಕೈ ಹಿಡಿದೆ.